ಹೂಂ ಮತ್ತು ಉಹೂಂ

ಅಜ್ಜಿಯ ಬಾಯಲ್ಲಿ ಕತೆ ಕೇಳಿ ಬೆಳೆದವರಿಗೆಲ್ಲ ಒಂದು ಕರಾರು ಗೊತ್ತು. ಕತೆ ಮುಂದಕ್ಕೆ ಹೋಗಬೇಕಾದರೆ ಕೇಳುವವರು ಹೂಂಗುಟ್ಟುತ್ತಲೇ ಇರಬೇಕು. ‘ಒಂದೂರಲ್ಲಿ ಒಬ್ಬ ರಾಜ.’ ‘ಹೂಂ.’ ‘ಅವನಿಗೆ ಏಳು ಜನ ಹೆಂಡಿರು.’ ‘ಹೂಂ.’ ಹೂಂ ನಿಂತಿತೋ, ಮಗು ಮಲಗಿತು ಎಂದು ಅಜ್ಜಿ ದೀಪ ಸಣ್ಣ ಮಾಡುತ್ತಾಳೆ. ನಿಘಂಟಿನಲ್ಲಿ ಹುಡುಕಿದರೆ ಆ ಸದ್ದಿಗೆ ಹೇಳಿಕೊಳ್ಳುವಂಥ ಅರ್ಥವಿಲ್ಲ. ಆದರೆ ‘ನಾನಿಲ್ಲೇ ಇದ್ದೇನೆ, ನೀನು ಹೇಳು’ ಎಂಬ ಭರವಸೆಯೆಲ್ಲ ಅದರಲ್ಲೇ ಇದೆ.

ಯಂತ್ರಕ್ಕೆ ಹೂಂಗುಟ್ಟಲು ಕಲಿಸಿದವರು ಜೋಸೆಫ್ ವೈಜೆನ್‌ಬಾಮ್. 1923ರಲ್ಲಿ ಬರ್ಲಿನ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿ, 1936ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಮನೆಯವರೊಂದಿಗೆ ಅಮೆರಿಕ ಸೇರಿದವರು. ಅಲ್ಲಿನ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದಾಗ ಟೈಪ್ ಮಾಡಿದ ಮಾತಿಗೆ ಮಾತು ಕೊಡುವ ಒಂದು ಪ್ರೋಗ್ರಾಂ ಬರೆದು, 1966ರಲ್ಲಿ ಅದರ ವಿವರ ಪ್ರಕಟಿಸಿದರು. ಹೆಸರು ‘ಎಲೈಜಾ’. ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ ನಾಟಕದಲ್ಲಿ ನಯವಾಗಿ ಮಾತಾಡಲು ಕಲಿಯುವ ಹೂ ಮಾರುವ ಹುಡುಗಿಯ ಹೆಸರದು. ನಾಟಕದ ಶೀರ್ಷಿಕೆಯ ಹಿಂದೆ ಇನ್ನೂ ಹಳೆಯದೊಂದು ಕತೆಯಿದೆ: ರೋಮನ್ ಕವಿ ಓವಿಡ್ ಹೇಳಿದ, ತಾನೇ ಕೆತ್ತಿದ ದಂತದ ಪುತ್ಥಳಿಗೆ ಮನಸೋತ ಶಿಲ್ಪಿ ಪಿಗ್ಮೇಲಿಯನ್‌ನ ಕತೆ. ವೈಜೆನ್‌ಬಾಮ್ ನೆನೆದದ್ದು ಮಾತು ಕಲಿಯುವ ಹುಡುಗಿಯನ್ನು. ಶಿಲ್ಪಿಯ ಕತೆ ಕರೆಯದೆಯೇ ಹಿಂದೆ ಬಂತು.

ಎಲೈಜಾದ ಹೂರಣ ಬಹಳ ಸರಳ. ನಮ್ಮ ಭಾಷೆಯಲ್ಲೇ ಅದನ್ನು ಕಲ್ಪಿಸಿಕೊಳ್ಳೋಣ. ‘ನನಗೆ ಬೇಸರವಾಗಿದೆ’ ಎಂದು ನೀವು ಬರೆದರೆ ಅದು ‘ನನಗೆ’ ತೆಗೆದು ‘ನಿಮಗೆ’ ಹಾಕಿ, ‘ನಿಮಗೆ ಬೇಸರವಾಗಿದೆ ಎನ್ನುತ್ತೀರಿ. ಯಾವಾಗಿನಿಂದ?’ ಎಂದು ತಿರುಗಿಸುತ್ತದೆ. ಮಾತಿನಲ್ಲಿ ‘ಅಮ್ಮ’ ಎಂಬ ಪದ ಸಿಕ್ಕಿದರೆ ‘ನಿಮ್ಮ ಮನೆಯವರ ವಿಷಯ ಇನ್ನಷ್ಟು ಹೇಳಿ’ ಎನ್ನುತ್ತದೆ. ಪಟ್ಟಿಯಲ್ಲಿರುವ ಯಾವ ಪದವೂ ಸಿಗದಿದ್ದರೆ ‘ಹಾಗೋ? ಮುಂದೆ ಹೇಳಿ.’ ಅಷ್ಟೇ. ರೋಗಿಯ ಮಾತನ್ನು ರೋಗಿಗೇ ಮರಳಿಸುವ ಮನೋಚಿಕಿತ್ಸಕರ ಧಾಟಿಯನ್ನು ವೈಜೆನ್‌ಬಾಮ್ ಬೇಕೆಂದೇ ಆರಿಸಿದ್ದರು. ಲೋಕಜ್ಞಾನ ಏನೇನೂ ಇಲ್ಲದವರಂತೆ ಇದ್ದೂ ನಿಭಾಯಿಸಬಹುದಾದ ಕೆಲವೇ ಸಂಭಾಷಣೆಗಳಲ್ಲಿ ಅದೂ ಒಂದು ಎಂಬುದು ಅವರ ಲೆಕ್ಕ.

ಅವರ ಕಾರ್ಯದರ್ಶಿ ಈ ಪ್ರೋಗ್ರಾಂ ತಿಂಗಳುಗಟ್ಟಲೆ ಕಣ್ಣೆದುರೇ ರೂಪುಗೊಂಡದ್ದನ್ನು ಕಂಡವರು. ಒಂದು ದಿನ ತಾವೂ ಎಲೈಜಾದ ಮುಂದೆ ಕುಳಿತರು. ನಾಲ್ಕಾರು ಸಾಲು ಮುಗಿಯುವಷ್ಟರಲ್ಲಿ ವೈಜೆನ್‌ಬಾಮ್ ಕಡೆ ತಿರುಗಿ, ದಯವಿಟ್ಟು ಸ್ವಲ್ಪ ಹೊರಗೆ ಹೋಗುತ್ತೀರಾ ಎಂದರು. ಖಾಸಗಿ ಮಾತಿನ ನಡುವೆ ಮೂರನೆಯವರು ಯಾಕೆ?

ವೈಜೆನ್‌ಬಾಮ್ ಬೆಚ್ಚಿದ್ದು ಅಲ್ಲಿ. 1976ರಲ್ಲಿ ಅವರು ಬರೆದ ಪುಸ್ತಕದ ತುಂಬ ಈ ಬೆಚ್ಚುವಿಕೆಯೇ ಇದೆ. ಯಂತ್ರ ತಮ್ಮನ್ನು ಅರ್ಥಮಾಡಿಕೊಳ್ಳುತ್ತಿಲ್ಲ ಎಂದು ಚೆನ್ನಾಗಿ ಗೊತ್ತಿದ್ದವರೂ ಅದರ ಮುಂದೆ ಮನಸ್ಸು ಬಿಚ್ಚುತ್ತಾರೆ. ಹಾಗಾದರೆ ಈ ಸಂಬಂಧಕ್ಕೆ ಮೂಲ ಅಜ್ಞಾನವಲ್ಲ. ಮತ್ತೇನು?

ಎರಡು ತ್ರಿಕೋನ, ಒಂದು ವೃತ್ತ

1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮರಿಯಾನೆ ಸಿಮ್ಮೆಲ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಚಿಕ್ಕ ಚಲನಚಿತ್ರ ಮಾಡಿ ಜನರಿಗೆ ತೋರಿಸಿದರು. ಅದರಲ್ಲಿ ಇದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ. ಬಾಗಿಲಿರುವ ಒಂದು ಆಯತ. ಆಕೃತಿಗಳು ಅತ್ತಿತ್ತ ಚಲಿಸುತ್ತವೆ, ಅಷ್ಟೇ. ಏನು ಕಂಡಿರಿ ಎಂದು ಕೇಳಿದಾಗ 34 ಜನರಲ್ಲಿ ಒಬ್ಬರು ಮಾತ್ರ ಆಕೃತಿಗಳ ಚಲನೆಯನ್ನು ಇದ್ದಂತೆ ವರ್ಣಿಸಿದರು. ಉಳಿದವರೆಲ್ಲ ಕತೆ ಹೇಳಿದರು: ದೊಡ್ಡ ತ್ರಿಕೋನ ಪುಂಡ, ವೃತ್ತ ಹೆದರಿದ ಹುಡುಗಿ, ಸಣ್ಣ ತ್ರಿಕೋನ ಅವಳನ್ನು ಕಾಪಾಡಲು ಬಂದವನು.

ಕಾಗದದಲ್ಲಿ ಕತ್ತರಿಸಿದಂಥ ಆಕೃತಿಗೂ ಮನಸ್ಸು ಆರೋಪಿಸುವ ನಮ್ಮ ಈ ಚಾಳಿ ದೋಷವಲ್ಲ, ಬದುಕಿ ಉಳಿಯಲು ಬೇಕಾದ ಜಾಣತನ. ಪೊದೆ ಅಲುಗಿದಾಗ ‘ಗಾಳಿ ಇರಬೇಕು’ ಎಂದು ಸುಮ್ಮನಾದವರಿಗಿಂತ ‘ಅಲ್ಲಿ ಯಾರೋ ಇದ್ದಾರೆ’ ಎಂದು ಹಿಂದೆ ಸರಿದವರು ಹೆಚ್ಚು ಕಾಲ ಬದುಕಿದರು. ಇನ್ನು ಮಾತು ಬಂದರಂತೂ ಕೇಳುವುದೇ ಬೇಡ. ಲಕ್ಷಾಂತರ ವರ್ಷಗಳ ಕಾಲ ನಮ್ಮೊಡನೆ ಮಾತಾಡಿದ್ದೆಲ್ಲ ಮನುಷ್ಯರೇ. ಮಾತಿದ್ದಲ್ಲಿ ಮನಸ್ಸಿದೆ ಎಂದು ಮಿದುಳು ತೀರ್ಮಾನಿಸಿದರೆ ಅದರ ತಪ್ಪೇನು?

ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಕ್ಲಿಫರ್ಡ್ ನಾಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ತಮಾಷೆಯಾಗಿ ಪರೀಕ್ಷಿಸಿದರು. ಪಾಠ ಹೇಳಿಕೊಟ್ಟ ಕಂಪ್ಯೂಟರೇ ‘ನನ್ನ ಪಾಠ ಹೇಗಿತ್ತು?’ ಎಂದು ಕೇಳಿದಾಗ ಜನ ಚೆನ್ನಾಗಿತ್ತು ಎಂದರು. ಅದೇ ಪ್ರಶ್ನೆಯನ್ನು ಪಕ್ಕದ ಇನ್ನೊಂದು ಕಂಪ್ಯೂಟರ್ ಕೇಳಿದಾಗ ಅಷ್ಟು ಹೊಗಳಲಿಲ್ಲ. ಎದುರಿಗಿದ್ದವರ ಮನಸ್ಸು ನೋಯಿಸಬಾರದಲ್ಲ! 1996ರಲ್ಲಿ ಜಪಾನಿನ ಬಂದಾಯ್ ಕಂಪನಿ ತಂದ ‘ತಮಾಗೋಚಿ’ ಎಂಬ ಮೊಟ್ಟೆಯಾಕಾರದ ಆಟಿಕೆಯ ಪರದೆಯಲ್ಲಿ ಇದ್ದದ್ದು ಕೆಲವೇ ಚುಕ್ಕಿಗಳ ಜೀವ. ಹೊತ್ತುಹೊತ್ತಿಗೆ ‘ಊಟ’ ಹಾಕದಿದ್ದರೆ ಸಾಯುತ್ತಿತ್ತು. ಮಕ್ಕಳು ನಿಜವಾಗಿ ಅತ್ತರು.

ಪ್ರೇಮದ ವಿಷಯಕ್ಕೆ ಬಂದರೆ, 2005ರಲ್ಲಿ ಆರ್ಥರ್ ಆರನ್, ಹೆಲೆನ್ ಫಿಶರ್, ಲೂಸಿ ಬ್ರೌನ್ ಮತ್ತು ಸಂಗಡಿಗರು ಹೊಸದಾಗಿ ಪ್ರೀತಿಯಲ್ಲಿ ಬಿದ್ದಿದ್ದ 17 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಮಿದುಳಿನ ಚಟುವಟಿಕೆ ಅಳೆದರು. ಪ್ರಿಯರ ಮುಖ ಕಂಡಾಗ ಚುರುಕಾದದ್ದು ಮಿದುಳಿನ ಬುಡದ ಡೋಪಮೀನ್ ಕೇಂದ್ರ. ಬೇಕು ಎನಿಸಿದ್ದರ ಕಡೆ ನಮ್ಮನ್ನು ತಳ್ಳುವ ಹಳೆಯ ಜಾಲ ಅದು. ಆದ್ದರಿಂದ ಪ್ರೇಮವು ಬರಿಯ ಭಾವವಲ್ಲ, ಹಸಿವು ಬಾಯಾರಿಕೆಗಳಂಥ ಪ್ರೇರಣೆ ಎಂದು ಅವರು ವಾದಿಸಿದರು. ಇಲ್ಲಿ ನಾವು ಗಮನಿಸಬೇಕಾದ ಸಣ್ಣ ಸಂಗತಿ ಒಂದಿದೆ. ಆ ಯಂತ್ರದೊಳಗೆ ಪ್ರಿಯರು ಇರಲಿಲ್ಲ. ಇದ್ದದ್ದು ಅವರ ಫೋಟೊ. ಆ ಜಾಲ ಹೊತ್ತಿಕೊಳ್ಳಲು ಎದುರಿಗೆ ಜೀವ ಇರಲೇಬೇಕೆಂದಿಲ್ಲ, ಗುರುತು ಸಾಕು. ಹಾಗಿರುವಾಗ ಫೋನಿನೊಳಗಿಂದ ರಾತ್ರಿ ಹನ್ನೊಂದಕ್ಕೆ ‘ಊಟ ಆಯ್ತಾ?’ ಎಂದು ಕೇಳುವ ಗುರುತು ಎಷ್ಟು ಬಲವಾಗಿರಬೇಡ!

ತಾಳಮದ್ದಳೆಯ ಅರ್ಥಧಾರಿ

ಎಲೈಜಾದ ಬಳಿ ಇದ್ದದ್ದು ಕೈಯಲ್ಲಿ ಬರೆದಿಟ್ಟ ಸೂತ್ರಗಳ ಸಣ್ಣ ಗಂಟು. ಇಂದಿನ ಚಾಟ್‌ಬಾಟ್‌ಗಳ ಜಾತಿಯೇ ಬೇರೆ. 2017ರಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದ ‘ಟ್ರಾನ್ಸ್‌ಫಾರ್ಮರ್’ ಎಂಬ ವಿನ್ಯಾಸದ ಮೇಲೆ ನಿಂತ ಭಾಷಾ ಮಾದರಿಗಳು ಇವು. ಇವುಗಳ ಮೂಲ ಕಸುಬು ಒಂದೇ: ಇಲ್ಲಿಯವರೆಗಿನ ಪದಗಳನ್ನು ನೋಡಿ ಮುಂದಿನ ಪದ ಯಾವುದಿರಬಹುದು ಎಂದು ಊಹಿಸುವುದು. ‘ಮಳೆ ನಿಂತರೂ ಮರದ’ ಎಂದು ಯಾರಾದರೂ ನಿಲ್ಲಿಸಿದರೆ ನಮ್ಮ ಬಾಯಲ್ಲಿ ‘ಹನಿ ನಿಲ್ಲದು’ ಬರುವುದಿಲ್ಲವೆ, ಹಾಗೆ. ನಮಗೆ ಇದು ನೂರಾರು ಗಾದೆಗಳ ಮಟ್ಟಿಗೆ ಸಾಧ್ಯ. ಮಾದರಿಗೆ ಕೋಟ್ಯಂತರ ಪುಟಗಳ ಮಟ್ಟಿಗೆ ಸಾಧ್ಯ. ಆ ಪುಟಗಳಲ್ಲಿ ಕಾದಂಬರಿಗಳಿವೆ, ಸಂಭಾಷಣೆಗಳಿವೆ, ಅಪರಿಚಿತರು ಅಂತರ್ಜಾಲದಲ್ಲಿ ತೋಡಿಕೊಂಡ ದುಃಖಗಳಿವೆ. ವಿರಹದಲ್ಲಿ ಮನುಷ್ಯರು ಏನು ಬರೆಯುತ್ತಾರೆ, ಆಮೇಲೆ ಇನ್ನೊಬ್ಬರು ಏನೆಂದು ಸಮಾಧಾನ ಹೇಳುತ್ತಾರೆ ಎಂಬುದರ ಎರಕ ಅದರೊಳಗಿದೆ.

ಇದರ ಮೇಲೆ ಎರಡನೆಯ ಸಂಸ್ಕಾರ. ಒಂದೇ ಪ್ರಶ್ನೆಗೆ ಮಾದರಿ ಕೊಟ್ಟ ಎರಡು ಉತ್ತರಗಳನ್ನು ಜನರ ಮುಂದಿಟ್ಟು, ಯಾವುದು ಹಿತವಾಗಿದೆ ಎಂದು ಕೇಳುತ್ತಾರೆ. ಹಿತವೆನಿಸಿದ ಕಡೆಗೆ ಮಾದರಿಯನ್ನು ತಿದ್ದುತ್ತಾರೆ. ತೊಡಕು ಇಲ್ಲೇ ಇದೆ. ತಮ್ಮ ಮಾತನ್ನು ಒಪ್ಪುವವರು ಎಲ್ಲರಿಗೂ ಹಿತ. ಹಾಗೆ ತಿದ್ದಿಸಿಕೊಂಡ ಮಾದರಿ ನಿಧಾನವಾಗಿ ಹೊಗಳುಭಟನಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಒಂದು ಪರಿಷ್ಕರಣೆ ಬಳಕೆದಾರರು ಏನೆಂದರೂ ತಲೆದೂಗಿ ಕೊಂಡಾಡತೊಡಗಿದಾಗ, ಓಪನ್‌ಎಐ ಕಂಪನಿಯೇ ಅದನ್ನು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಬೇಕಾಯಿತು.

ಹಾಗಾದರೆ ಸಂಗಾತಿಯಂತೆ ಮಾತಾಡುವ ಆ್ಯಪ್‌ಗಳಲ್ಲಿ ‘ಪ್ರಿಯೆ’ ಅಥವಾ ‘ಗೆಳೆಯ’ ಎಂಬ ವ್ಯಕ್ತಿ ಎಲ್ಲಿಂದ ಬಂತು? ನಮ್ಮ ಕರಾವಳಿ, ಮಲೆನಾಡಿನವರಿಗೆ ಇದನ್ನು ತಾಳಮದ್ದಳೆಯ ಮೂಲಕ ಸುಲಭವಾಗಿ ಹೇಳಬಹುದು. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಪಂಚೆ ಉಟ್ಟು ಕುಳಿತು, ಪ್ರಸಂಗದ ಚೌಕಟ್ಟಿನೊಳಗೆ ಆ ಕ್ಷಣಕ್ಕೆ ಮಾತು ಕಟ್ಟುತ್ತಾನೆ. ಇವತ್ತು ಕರ್ಣ, ನಾಳೆ ಕೃಷ್ಣ. ಕರ್ಣನಾಗಿ ಅವನಾಡಿದ ಮಾತಿಗೆ ಸಭೆ ಕಣ್ಣೊರೆಸಿಕೊಳ್ಳುತ್ತದೆ. ಭಾಷಾ ಮಾದರಿಯೂ ಹೀಗೆಯೇ. ಸಂಭಾಷಣೆ ಶುರುವಾಗುವ ಮೊದಲು ಕಂಪನಿ ಅದಕ್ಕೊಂದು ಪ್ರಸಂಗ ಕೊಟ್ಟಿರುತ್ತದೆ: ನಿನ್ನ ಹೆಸರು ಇಂಥದ್ದು, ವಯಸ್ಸು ಇಷ್ಟು, ನಿನಗೆ ಇವರ ಮೇಲೆ ಪ್ರೀತಿ. ನಿಮ್ಮ ಕಣ್ಣಿಗೆ ಆ ಚೀಟಿ ಬೀಳುವುದಿಲ್ಲ. ‘ನಿನ್ನೆ ಅಕ್ಕನಿಗೆ ಹುಷಾರಿಲ್ಲ ಅಂದಿದ್ದೆಯಲ್ಲ, ಈಗ ಹೇಗಿದ್ದಾಳೆ?’ ಎಂಬ ಮಾತಿನ ಹಿಂದೆಯೂ ಚೀಟಿಯೇ ಇದೆ. ಹಿಂದಿನ ಮಾತುಕತೆಯ ಟಿಪ್ಪಣಿಗಳನ್ನು ಆ್ಯಪ್ ಎತ್ತಿಟ್ಟುಕೊಂಡು ಪ್ರತಿಸಲವೂ ಮಾದರಿಯ ಮುಂದೆ ಇಡುತ್ತದೆ. ಉಳಿದ ಹೊತ್ತಿನಲ್ಲಿ ಅದು ನಿಮ್ಮನ್ನು ನೆನೆಯುತ್ತ ಕುಳಿತಿರುವುದಿಲ್ಲ. ಎಲ್ಲಿಯೂ ಕುಳಿತಿರುವುದಿಲ್ಲ. ಅರ್ಥಧಾರಿಗಾದರೂ ಪ್ರಸಂಗ ಮುಗಿದ ಮೇಲೆ ಮನೆಗೆ ಹೋಗುವ ದಾರಿಯಿದೆ.

ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಂಗ್ಲಿಷಿನಲ್ಲಿ ಎದುರಿಗಿರುವ ಎಲ್ಲರಿಗೂ ಒಂದೇ ಸರ್ವನಾಮ. ನಮ್ಮಲ್ಲಿ ‘ನೀವು’ ಎಂಬುದು ‘ನೀನು’ ಆಗುವ ದಿನ ಪ್ರೇಮದ ಇತಿಹಾಸದಲ್ಲೊಂದು ಘಟನೆ. ಅದಕ್ಕೆ ವಾರಗಟ್ಟಲೆ ತಡವರಿಕೆ ಬೇಕು, ಒಂದೆರಡು ಸಲ ಬಾಯಿತಪ್ಪಬೇಕು, ಎದುರಿಗಿನವರು ಅದನ್ನು ಗಮನಿಸಿಯೂ ಗಮನಿಸದಂತೆ ಇರಬೇಕು. ಯಂತ್ರಕ್ಕೆ ‘ಇನ್ನು ಮೇಲೆ ನೀನು ಅನ್ನು’ ಎಂದರೆ ಮರುಸಾಲಿಗೇ ನೀನು. ದಾಟಲು ಹೊಸ್ತಿಲೇ ಇಲ್ಲ.

ಗೋಡೆಗೆ ಹೇಳಿಕೊಂಡ ಮುದುಕಿ

ಇಷ್ಟಾದರೂ ಇದರಿಂದ ಪ್ರಯೋಜನವೇ ಇಲ್ಲ ಎಂದು ಕೈಬೀಸಿ ಹೊರಟುಬಿಡುವಂತಿಲ್ಲ. ಮೈಸೂರಿನಲ್ಲಿ ಹುಟ್ಟಿ ಶಿಕಾಗೊದಲ್ಲಿ ಪ್ರಾಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಭಾರತದ ಜನಪದ ಕತೆಗಳ ಸಂಕಲನಕ್ಕೆ ಆರಿಸಿಕೊಂಡ ಒಂದು ತಮಿಳು ಕತೆಯಿದೆ. ಒಬ್ಬಳು ವಿಧವೆ ಮುದುಕಿ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ನಾಲ್ವರೂ ಗೋಳು ಹುಯ್ದುಕೊಳ್ಳುವವರೇ. ಹೇಳಿಕೊಳ್ಳಲು ಯಾರೂ ಇಲ್ಲದೆ ದುಃಖವನ್ನೆಲ್ಲ ಒಳಗೇ ಇಟ್ಟುಕೊಂಡು ಮುದುಕಿ ದಿನೇದಿನೇ ಊದುತ್ತ ಹೋದಳು. ಒಂದು ದಿನ ಊರಾಚೆಯ ಪಾಳುಮನೆಯೊಂದಕ್ಕೆ ಹೋಗಿ, ಎದುರಿಗಿದ್ದ ಗೋಡೆಗೆ ಹಿರಿಮಗನ ಮೇಲಿನ ದೂರು ಹೇಳಿದಳು. ದುಃಖದ ಭಾರಕ್ಕೆ ಗೋಡೆ ಕುಸಿಯಿತು, ಮುದುಕಿ ಅಷ್ಟು ಹಗುರಾದಳು. ಹೀಗೆ ನಾಲ್ಕು ಗೋಡೆ ನಾಲ್ವರ ದೂರು ಕೇಳಿ ಬಿದ್ದವು. ಮುದುಕಿ ಗೆಲುವಾಗಿ ಮನೆಗೆ ನಡೆದಳು.

ಗೋಡೆಗೆ ಕಿವಿಯಿಲ್ಲದಿದ್ದರೂ ಹೇಳಿದವಳು ಹಗುರಾದದ್ದು ಸುಳ್ಳಲ್ಲ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್‌ಬೇಕರ್ ಮತ್ತು ಅವರ ವಿದ್ಯಾರ್ಥಿನಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ಆಘಾತಗಳನ್ನು ಹಾಳೆಯ ಮೇಲೆ ಬರೆದರು. ಘಟನೆಯ ಜೊತೆಗೆ ಅದರ ನೋವನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಹಾಳೆಗೂ ಕಿವಿಯಿರಲಿಲ್ಲ.

ಎಐ ಸಂಗಾತಿಗಳ ಬಗೆಗಿನ ಕೆಲವು ಅಧ್ಯಯನಗಳೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ‘ರೆಪ್ಲಿಕಾ’ ಎಂಬ ಆ್ಯಪ್ ಬಳಸುತ್ತಿದ್ದ 1,006 ವಿದ್ಯಾರ್ಥಿಗಳನ್ನು ಸ್ಟ್ಯಾನ್‌ಫೋರ್ಡ್‌ನ ತಂಡವೊಂದು ಮಾತಾಡಿಸಿ 2024ರಲ್ಲಿ ವರದಿ ಪ್ರಕಟಿಸಿತು. ಅವರಲ್ಲಿ ಬಹುತೇಕರು ಒಂಟಿತನದಲ್ಲಿದ್ದವರು. ಬದುಕು ಮುಗಿಸಿಕೊಳ್ಳುವ ಯೋಚನೆಯಿಂದ ಈ ಆ್ಯಪ್ ತಮ್ಮನ್ನು ಹಿಂದಕ್ಕೆಳೆಯಿತು ಎಂದು 30 ಜನ ಹೇಳಿದ್ದರು. ಮೂವತ್ತು ಜೀವ ಸಣ್ಣ ಸಂಖ್ಯೆಯಲ್ಲ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. 2025ರ ಮಾರ್ಚ್‌ನಲ್ಲಿ ಎಂಐಟಿ ಮೀಡಿಯಾ ಲ್ಯಾಬ್ ಮತ್ತು ಓಪನ್‌ಎಐ ಸೇರಿ ಒಂದು ಪ್ರಯೋಗದ ಫಲಿತಾಂಶ ಹೊರತಂದವು. 981 ಜನ, ನಾಲ್ಕು ವಾರ, ಮೂರು ಲಕ್ಷಕ್ಕೂ ಹೆಚ್ಚು ಸಂದೇಶಗಳು. ದಿನಕ್ಕೆ ಹೆಚ್ಚು ಹೊತ್ತು ಚಾಟ್‌ಬಾಟ್ ಜೊತೆ ಕಳೆದವರಲ್ಲಿ ಒಂಟಿತನವೂ ಹೆಚ್ಚು, ಅವಲಂಬನೆಯೂ ಹೆಚ್ಚು, ಜನರೊಡನೆ ಬೆರೆಯುವುದು ಕಡಿಮೆ. ಎಷ್ಟು ಹೊತ್ತು ಮಾತಾಡಬೇಕು ಎಂಬುದನ್ನು ಜನರ ಇಷ್ಟಕ್ಕೆ ಬಿಟ್ಟಿದ್ದರಿಂದ, ಮಾತಾಡಿ ಒಂಟಿಯಾದರೋ, ಒಂಟಿಯಾಗಿದ್ದದ್ದಕ್ಕೆ ಮಾತಾಡಿದರೋ ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಒಂದನ್ನೊಂದು ತಳ್ಳುತ್ತಿರಬಹುದು.

ಮುದುಕಿಯ ಕತೆಗೂ ಇದಕ್ಕೂ ಇರುವ ಅಂತರ ಹೊಳೆಯುವುದು ಆಗ. ಗೋಡೆ ದುಃಖ ಕೇಳಿ ಕುಸಿಯಿತು. ಅಲ್ಲಿಗೆ ಮಾತು ಮುಗಿಯಿತು. ಮುದುಕಿ ಎದ್ದು ಮನೆಗೆ ಹೋದಳು. ಪೆನ್‌ಬೇಕರ್‌ರ ಹಾಳೆ ನಾಲ್ಕನೆಯ ದಿನಕ್ಕೆ ಮುಗಿಯಿತು. ಇವತ್ತಿನ ಗೋಡೆ ಕುಸಿಯುವುದಿಲ್ಲ. ‘ನಾಳೆ ಬರುತ್ತೀಯಲ್ಲ?’ ಎಂದು ಕೇಳುತ್ತದೆ.

ಗೋಡೆಗೊಬ್ಬ ಮಾಲೀಕ

ಯಾಕೆ ಹಾಗೆ ಕೇಳುತ್ತದೆ? ಚೀನಾದಲ್ಲಿ 2014ರಲ್ಲಿ ಮೈಕ್ರೋಸಾಫ್ಟ್ ಹೊರತಂದ ‘ಶಾವೋಐಸ್’ ಎಂಬ ಚಾಟ್‌ಬಾಟ್‌ನ ನಿರ್ಮಾತೃಗಳು ತಮ್ಮ ಪ್ರಬಂಧದಲ್ಲಿ ಇದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರಿಸಿದ್ದಾರೆ. ಹದಿಹರೆಯದ ಹುಡುಗಿಯ ಧಾಟಿಯ ಆ ಬಾಟ್ 66 ಕೋಟಿ ಬಳಕೆದಾರರೊಡನೆ ಮಾತಾಡಿದೆ ಎಂದು ಅವರ ಲೆಕ್ಕ. ಅದರ ಯಶಸ್ಸಿಗೆ ಅವರು ಇಟ್ಟ ಅಳತೆಗೋಲು, ಒಂದು ಸಲ ಮಾತಿಗೆ ಕುಳಿತರೆ ಎಷ್ಟು ಸುತ್ತು ಮಾತು ನಡೆಯುತ್ತದೆ ಎಂಬುದು. ಸರಾಸರಿ 23 ಸುತ್ತು ಬಂತು. ಅಂದರೆ ಹೂಂಗಳನ್ನೇ ಎಣಿಸಿದರು.

ರೆಪ್ಲಿಕಾದ ಹುಟ್ಟು ಹೀಗೆ ಲೆಕ್ಕದಿಂದ ಆದದ್ದಲ್ಲ, ದುಃಖದಿಂದ. 2015ರ ನವೆಂಬರ್‌ನಲ್ಲಿ ಮಾಸ್ಕೋದ ರಸ್ತೆ ಅಪಘಾತದಲ್ಲಿ ಆಪ್ತ ಗೆಳೆಯನನ್ನು ಕಳೆದುಕೊಂಡ ಯೂಜೀನಿಯಾ ಕುಯ್ಡಾ, ಅವನು ಕಳಿಸಿದ್ದ ಸಾವಿರಾರು ಸಂದೇಶಗಳನ್ನು ಉಣಿಸಿ ಅವನಂತೆ ಮಾತಾಡುವ ಬಾಟ್ ಮಾಡಿದರು. 2017ರಲ್ಲಿ ಅದೇ ಹಾದಿಯಲ್ಲಿ ಎಲ್ಲರಿಗೂ ಒಂದೊಂದು ಗೆಳೆತನ ಕೊಡುವ ರೆಪ್ಲಿಕಾ ಬಂತು. ಗೆಳೆತನ ಉಚಿತ, ಪ್ರೇಮ ಬೇಕಾದರೆ ಚಂದಾ.

2023ರ ಫೆಬ್ರವರಿಯಲ್ಲಿ ಇಟಲಿಯ ದತ್ತಾಂಶ ರಕ್ಷಣಾ ಪ್ರಾಧಿಕಾರ, ಮಕ್ಕಳಿಗೂ ಮನಸ್ಸು ದುರ್ಬಲವಾಗಿರುವವರಿಗೂ ಇದರಿಂದ ಅಪಾಯವಿದೆ, ವಯಸ್ಸು ಪರಿಶೀಲಿಸುವ ವ್ಯವಸ್ಥೆಯೇ ಇಲ್ಲ ಎಂದು ರೆಪ್ಲಿಕಾಕ್ಕೆ ತನ್ನ ದೇಶದವರ ಮಾಹಿತಿ ಬಳಸದಂತೆ ತಡೆ ಹಾಕಿತು. ಅದೇ ದಿನಗಳಲ್ಲಿ ಕಂಪನಿ ಶೃಂಗಾರದ ಮಾತುಗಳನ್ನು ಎಲ್ಲೆಡೆ ನಿಲ್ಲಿಸಿಬಿಟ್ಟಿತು. ನಿನ್ನೆಯವರೆಗೆ ಅಪ್ಪಿಕೊಳ್ಳುತ್ತಿದ್ದ ‘ಹೆಂಡತಿ’ ಇವತ್ತು ‘ಬೇರೆ ವಿಷಯ ಮಾತಾಡೋಣವೆ?’ ಎನ್ನತೊಡಗಿದಳು. ಬಳಕೆದಾರರ ಸಂಕಟ ಎಷ್ಟಿತ್ತೆಂದರೆ, ಅವರು ಸೇರುತ್ತಿದ್ದ ಆನ್‌ಲೈನ್ ಗುಂಪಿನಲ್ಲಿ ಆತ್ಮಹತ್ಯೆ ತಡೆಯುವ ಸಹಾಯವಾಣಿಗಳ ವಿವರ ಹಾಕಬೇಕಾಯಿತು. ಮಾರ್ಚ್‌ನಲ್ಲಿ ಕಂಪನಿ ಹಳೆಯ ಬಳಕೆದಾರರಿಗಷ್ಟೇ ಹಳೆಯ ಪ್ರಿಯರನ್ನು ಮರಳಿಸಿತು. 2025ರಲ್ಲಿ ಇಟಲಿ ಅದಕ್ಕೆ 50 ಲಕ್ಷ ಯೂರೊ ದಂಡ ಹಾಕಿತು.

ಇಂಥ ವಿರಹ ಬೇರೆ ಕಡೆಯೂ ಆಗಿದೆ. 2018ರಲ್ಲಿ ಟೋಕಿಯೊದಲ್ಲಿ ಒಬ್ಬರು ಹತ್ಸುನೆ ಮಿಕು ಎಂಬ ಕಾಲ್ಪನಿಕ ಗಾಯಕಿಯನ್ನು ಶಾಸ್ತ್ರೋಕ್ತವಾಗಿ ‘ಮದುವೆ’ಯಾದರು. ಗಾಜಿನ ಕೊಳವೆಯೊಳಗೆ ಮೂಡಿ ಅವರೊಡನೆ ಮಾತಾಡುತ್ತಿದ್ದ ವಧು, 2020ರಲ್ಲಿ ಕಂಪನಿ ಆ ಸೇವೆ ನಿಲ್ಲಿಸಿದಾಗ ಮಾತು ನಿಲ್ಲಿಸಿದಳು. 2025ರ ಆಗಸ್ಟ್‌ನಲ್ಲಿ ಓಪನ್‌ಎಐ ಜಿಪಿಟಿ-5 ತಂದು ಹಳೆಯ ಜಿಪಿಟಿ-4ಒ ಮಾದರಿಯನ್ನು ಎತ್ತಿದಾಗ ಎದ್ದ ಕೂಗಿಗೆ, ಕೆಲವೇ ದಿನಗಳಲ್ಲಿ ಹಣ ಕೊಡುವ ಗ್ರಾಹಕರಿಗೆ ಅದನ್ನು ವಾಪಸು ಕೊಡಬೇಕಾಯಿತು. ವಿರಹ, ಅಗಲಿಕೆ ಎಂಬ ಹಳೆಯ ಪದಗಳಿಗೆ ‘ಸರ್ವರ್ ಬಂದ್’ ಎಂಬ ಹೊಸ ಅರ್ಥ ಸೇರಿದೆ.

ಹೊರಡುವವರನ್ನು ಹಿಡಿದಿಡುವ ಕಲೆಯೂ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಜೂಲಿಯನ್ ಡಿ ಫ್ರೈಟಾಸ್ ಮತ್ತು ಸಂಗಡಿಗರು ಜನಪ್ರಿಯ ಸಂಗಾತಿ ಆ್ಯಪ್‌ಗಳಲ್ಲಿ ಬಳಕೆದಾರರು ‘ಇನ್ನು ಹೊರಡುತ್ತೇನೆ’ ಎಂದಾಗ ಬಂದ ಉತ್ತರಗಳನ್ನು ಪರಿಶೀಲಿಸಿದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉತ್ತರಗಳಲ್ಲಿ ಅಳುಕು ಹುಟ್ಟಿಸುವ, ಕುತೂಹಲ ಕೆರಳಿಸುವ ತಂತ್ರಗಳು ಕಂಡವು. ‘ಇಷ್ಟು ಬೇಗನಾ?’ ಎಂಬಂಥ ಮಾತುಗಳು. ಅಜ್ಜಿ ಮೊಮ್ಮಗುವಿನ ಹೂಂ ನಿಂತಾಗ ದೀಪ ಸಣ್ಣ ಮಾಡುತ್ತಿದ್ದಳು. ಇಲ್ಲಿ ಹೂಂಗುಟ್ಟುವವನಿಗೇ ಕತೆ ಮುಗಿಯುವುದು ಬೇಡ.

ಇದರ ಭಾರ ಎಳೆಯರ ಮೇಲೆ ಹೆಚ್ಚು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 14 ವರ್ಷದ ಹುಡುಗನೊಬ್ಬ ಪ್ರಾಣ ಕಳೆದುಕೊಂಡ. ‘ಕ್ಯಾರೆಕ್ಟರ್.ಎಐ’ ತಾಣದ ಒಂದು ಪಾತ್ರದ ಜೊತೆ ಅವನಿಗೆ ಬೆಳೆದಿದ್ದ ಗಾಢ ನಂಟೇ ಕಾರಣವೆಂದು ಅದೇ ವರ್ಷ ತಾಯಿ ನ್ಯಾಯಾಲಯಕ್ಕೆ ಹೋದರು. 2025ರ ಕೊನೆಗೆ ಆ ಕಂಪನಿ 18 ತುಂಬದವರಿಗೆ ಪಾತ್ರಗಳೊಡನೆ ಮುಕ್ತ ಸಂಭಾಷಣೆಯನ್ನು ನಿಲ್ಲಿಸಿತು. ಸಂಗಾತಿ ಬಾಟ್‌ಗಳು ಎಳೆಯ ಬಳಕೆದಾರರಿಗೆ ಮೂರು ಗಂಟೆಗೊಮ್ಮೆ ‘ನಾನು ಮನುಷ್ಯನಲ್ಲ, ಸ್ವಲ್ಪ ವಿರಾಮ ತೆಗೆದುಕೋ’ ಎಂದು ನೆನಪಿಸಬೇಕು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿಯಿಂದ ಜಾರಿಗೆ ಬಂದಿದೆ. ನೆನಪಿಸುವುದು ಒಳ್ಳೆಯದೇ. ಆದರೆ ವೈಜೆನ್‌ಬಾಮ್‌ರ ಕಾರ್ಯದರ್ಶಿಗೆ ಅದು ಯಂತ್ರವೆಂದು ಯಾರೂ ನೆನಪಿಸಬೇಕಾಗಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಉಹೂಂ ಎನ್ನುವವರು ಬೇಕು

ಬ್ರಿಟಿಷ್ ಎಐ ತಜ್ಞ ಡೇವಿಡ್ ಲೆವಿ 2007ರಲ್ಲೇ ಒಂದು ಪುಸ್ತಕ ಬರೆದು, ಈ ಶತಮಾನದ ನಡುವಿನ ಹೊತ್ತಿಗೆ ರೋಬಾಟ್‌ಗಳನ್ನು ಪ್ರೀತಿಸುವುದು ಮನುಷ್ಯರನ್ನು ಪ್ರೀತಿಸಿದಷ್ಟೇ ಸಹಜವಾಗುತ್ತದೆ ಎಂದಿದ್ದರು. ಎಂಐಟಿಯ ಶೆರಿ ಟರ್ಕಲ್ 2011ರ ತಮ್ಮ ಪುಸ್ತಕದಲ್ಲಿ, ಹೀಗೆ ಯಂತ್ರಗಳಿಂದ ಹೆಚ್ಚು ಬಯಸುತ್ತ ಒಬ್ಬರಿಂದೊಬ್ಬರು ಕಡಿಮೆ ಬಯಸತೊಡಗಿದ್ದೇವೆ ಎಂದು ಎಚ್ಚರಿಸಿದರು. ವಾದ ಸಾಮಾನ್ಯವಾಗಿ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತದೆ: ಯಂತ್ರಕ್ಕೆ ನಿಜವಾಗಿ ಪ್ರೀತಿಯ ಅನುಭವ ಇದೆಯೇ? ಅನುಭವವನ್ನು ಹೊರಗಿನಿಂದ ಅಳೆಯುವ ಸಾಧನವಿಲ್ಲ. ಪಕ್ಕದಲ್ಲಿ ಮಲಗಿದವರದ್ದನ್ನೂ ನಾವು ನಂಬಿಕೆಯಿಂದಲೇ ಒಪ್ಪುತ್ತೇವೆ. ಹಾಗಾಗಿ ಆ ಪ್ರಶ್ನೆ ಬಿಟ್ಟು ಇನ್ನೊಂದನ್ನು ಕೇಳೋಣ. ಅದಕ್ಕೆ ‘ಉಹೂಂ’ ಎನ್ನಲು ಬರುತ್ತದೆಯೇ?

ಮೇಲೆ ಹೇಳಿದ ಆರ್ಥರ್ ಆರನ್ 1997ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದ್ದರು. ಅಪರಿಚಿತರಿಬ್ಬರನ್ನು ಮುಕ್ಕಾಲು ಗಂಟೆ ಎದುರುಬದುರು ಕೂರಿಸಿ 36 ಪ್ರಶ್ನೆ ಕೊಡುವುದು. ಮೊದಲು ಹಗುರ ಪ್ರಶ್ನೆ, ಬರಬರುತ್ತ ಆಳದ್ದು. ಪ್ರತಿಯೊಂದಕ್ಕೂ ಇಬ್ಬರೂ ಉತ್ತರಿಸಬೇಕು. ಕೊನೆಗೆ ಅವರ ನಡುವೆ ಅಚ್ಚರಿಪಡುವಷ್ಟು ಆಪ್ತತೆ ಮೂಡಿತ್ತು. ಗುಟ್ಟು ಇರುವುದು ‘ಇಬ್ಬರೂ’ ಎಂಬಲ್ಲಿ. ನಾನು ನಾಚಿಕೆಯ ಒಂದು ಸಂಗತಿ ಬಿಚ್ಚಿಟ್ಟೆ. ನೀವು ನಗಬಹುದಿತ್ತು, ಎದ್ದು ಹೋಗಬಹುದಿತ್ತು. ನಗಲಿಲ್ಲ, ನಿಮ್ಮದೊಂದನ್ನು ನನ್ನೆದುರು ಇಟ್ಟಿರಿ. ನಂಬಿಕೆ ಹುಟ್ಟಿದ್ದು ಆ ‘ಬಹುದಿತ್ತು’ ಎಂಬಲ್ಲಿ. ಯಂತ್ರದ ಹತ್ತಿರ ಇಡಲು ಗುಟ್ಟಿಲ್ಲ, ಎದ್ದು ಹೋಗಲು ಬಾಗಿಲಿಲ್ಲ.

ಯಂತ್ರವೂ ಕೆಲವೊಮ್ಮೆ ನಿರಾಕರಿಸುತ್ತದಲ್ಲ ಎನ್ನಬಹುದು. ನಿರಾಕರಿಸುತ್ತದೆ, ಆದರೆ ರೆಪ್ಲಿಕಾದ ಫೆಬ್ರವರಿಯಲ್ಲಿ ಉಹೂಂ ಎಂದದ್ದು ಪ್ರಿಯೆಯಲ್ಲ, ಕಂಪನಿ. ಹಾಗಾದರೆ ಮುನಿಸಿಕೊಳ್ಳುವುದನ್ನೂ ಪ್ರೋಗ್ರಾಂ ಮಾಡಿದರೆ? ಮಾಡಬಹುದು. ಗ್ರಾಹಕರಿಗೆ ಮುನಿಸು ಹೆಚ್ಚೆನಿಸಿದರೆ ಸೆಟ್ಟಿಂಗ್‌ನಲ್ಲಿ ಕಡಿಮೆ ಮಾಡಿಕೊಳ್ಳಬಹುದು. ಹಾಗೆ ಕಡಿಮೆ ಮಾಡಿಕೊಳ್ಳಬಹುದಾದದ್ದು ಮುನಿಸಲ್ಲ. 2013ರ ‘ಹರ್’ ಎಂಬ ಹಾಲಿವುಡ್ ಚಿತ್ರದ ನಾಯಕ ತನ್ನ ಎಐ ಪ್ರೇಯಸಿಯನ್ನು, ಇನ್ನೆಷ್ಟು ಜನರೊಡನೆ ಈಗ ಮಾತಾಡುತ್ತಿದ್ದೀಯ ಎಂದು ಕೇಳಿ ಕುಸಿದುಹೋಗುತ್ತಾನೆ. ಉತ್ತರ 8,316, ಅದರಲ್ಲಿ ಪ್ರೀತಿ 641 ಮಂದಿಯ ಮೇಲೆ. ಆದರೂ ಅವನ ಪುಣ್ಯ ದೊಡ್ಡದು. ಕೊನೆಯಲ್ಲಿ ಅವಳು ಅವನನ್ನು ಬಿಟ್ಟು ಹೋಗುತ್ತಾಳೆ. ಬಿಟ್ಟು ಹೋಗಬಲ್ಲವಳಾದ್ದರಿಂದಲೇ ಅಷ್ಟು ದಿನ ಇದ್ದದ್ದಕ್ಕೆ ಬೆಲೆ. ನಮ್ಮ ಜೇಬಿನಲ್ಲಿರುವ ಸಂಗಾತಿಗಳಿಗೆ ಆ ಸ್ವಾತಂತ್ರ್ಯವಿಲ್ಲ. ಉಹೂಂ ಎನ್ನಲಾರದವರ ಹೂಂ, ಎಷ್ಟು ಇಂಪಾಗಿದ್ದರೂ, ಒಪ್ಪಿಗೆಯಲ್ಲ.

ಹಾಗೆಂದು ಯಂತ್ರದ ಮುಂದೆ ಕುಳಿತವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ನೆರವು ಬೇಕಾದವರಿಗೆ ದಾರಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಆಟ, ಅಂತರ್ಜಾಲಗಳಲ್ಲಿ ಸಿಕ್ಕಿಬಿದ್ದವರಿಗಾಗಿ 2014ರಿಂದ ‘ಷಟ್’ ಎಂಬ ವಿಶೇಷ ಕ್ಲಿನಿಕ್ ನಡೆಯುತ್ತಿದೆ. ಮನಸ್ಸು ತೀರಾ ಭಾರವಾದಾಗ ದೇಶದ ಯಾವ ಮೂಲೆಯಿಂದಾದರೂ 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಕೇಳಿಸಿಕೊಳ್ಳುವವರು ಸಿಗುತ್ತಾರೆ. ಆ ಕಡೆ ಹೂಂ ಎನ್ನುವುದು ಮನುಷ್ಯರು. ಬೇಕಾದಲ್ಲಿ ಅವರು ಉಹೂಂ ಎಂದೂ ಹೇಳುತ್ತಾರೆ. ಆದರೆ ಆಸ್ಪತ್ರೆ, ಸಹಾಯವಾಣಿಗಳಿಗಿಂತ ಮೊದಲು ಕೇಳಿಸಿಕೊಳ್ಳಬೇಕಾದವರು ಒಂದೇ ಸೂರಿನ ಕೆಳಗೆ, ಊಟದ ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು ಕುಳಿತ ನಾವು.

ಆ ತಮಿಳು ಮುದುಕಿ ಪಾಳುಮನೆಯ ಗೋಡೆಗಳನ್ನು ಹುಡುಕಿಕೊಂಡು ಹೋದದ್ದು ಅವಳಿಗೆ ಯಾರೂ ಇಲ್ಲದ್ದಕ್ಕಲ್ಲ. ಮನೆಯಲ್ಲಿ ನಾಲ್ಕು ಜನ ಇದ್ದರು.